ಸೀರೀಸ್ ಮುಗಿದ ಮೇಲೆ ಯಾರ ಮಾತು ಕೇಳಬೇಕು? ಮೂರು ಬಗೆಯ ಪಾಡ್‌ಕಾಸ್ಟ್‌ಗಳ ಹೋಲಿಕೆ

ಕೆಲವು ಸೀರೀಸ್ ಮುಗಿದ ರಾತ್ರಿ ನಿದ್ದೆ ಬರುವುದಿಲ್ಲ. ಯಾರ ಜೊತೆಗಾದರೂ ಅದರ ಬಗ್ಗೆ ಮಾತಾಡಬೇಕು ಅನಿಸುತ್ತದೆ. ಜೊತೆಯಲ್ಲಿ ನೋಡಿದವರು ಯಾರೂ ಇಲ್ಲದಿದ್ದರೆ ನಾನು ಪಾಡ್‌ಕಾಸ್ಟ್ ಹುಡುಕುತ್ತೇನೆ. ಒಂದೇ ಸರಣಿಯ ಮೇಲೆ ಹತ್ತಾರು ಸಿಗುತ್ತವೆ. ಎಲ್ಲವನ್ನೂ ಕೇಳಲು ಸಮಯ ಎಲ್ಲಿದೆ? ಹಾಗಾಗಿ ಈಚೆಗೆ ಕೆಲವು ತಿಂಗಳು ಬೇಕೆಂದೇ ಮೂರು ಬಗೆಯನ್ನು ಕೇಳಿ ನೋಡಿದೆ. ಸರಣಿ ಮಾಡಿದವರೇ ನಡೆಸುವುದು ಒಂದು. ಪ್ರಕರಣವನ್ನು ಬಲ್ಲ ಪತ್ರಕರ್ತರೋ ವಕೀಲರೋ ನಡೆಸುವುದು ಇನ್ನೊಂದು. ನಮ್ಮ ಹಾಗೇ ನೋಡಿದ ಇಬ್ಬರು ಗೆಳೆಯರು ಕೂತು ಮಾತಾಡುವುದು ಮೂರನೆಯದು. ನಾನು ಇಟ್ಟುಕೊಂಡ ಅಳತೆ ಒಂದೇ: ಕೇಳಿ ಮುಗಿಸುವ ಹೊತ್ತಿಗೆ, ನೋಡಿದ್ದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪವಾದರೂ ಅಲುಗಾಡಿತಾ?

ಮಾಡಿದವರದೇ ಮಾತಿನಿಂದ ಶುರು ಮಾಡಿದೆ. ನಿಜ ಹೇಳಬೇಕೆಂದರೆ ಅದರ ಬಗ್ಗೆ ನನಗೆ ನಂಬಿಕೆ ಕಡಿಮೆ ಇತ್ತು. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಸೋವಿಯತ್ ಅಣುಸ್ಥಾವರದ ದುರಂತದ ಕಥೆ ಹೇಳುವ 2019ರ 'ಚೆರ್ನೋಬಿಲ್' ಆ ಅನಿಸಿಕೆಯನ್ನು ಪೂರ್ತಿ ಬದಲಿಸಿತು. ಎಚ್‌ಬಿಒದ ಈ ಸರಣಿಗೆ ಐದು ಕಂತು, ಅದರ ಪಾಡ್‌ಕಾಸ್ಟ್‌ಗೂ ಐದು ಕಂತು. ಸರಣಿ ಬರೆದ ಕ್ರೇಗ್ ಮೇಝಿನ್ ಜೊತೆ ರೇಡಿಯೊ ನಿರೂಪಕ ಪೀಟರ್ ಸೇಗಲ್ ಮಾತಾಡುತ್ತಾರೆ. ಎಲ್ಲೆಲ್ಲಿ ನಿಜವನ್ನು ಬದಲಿಸಿದ್ದೇನೆ, ಯಾಕೆ ಬದಲಿಸಿದ್ದೇನೆ ಅಂತ ಮೇಝಿನ್ ತಾವಾಗಿಯೇ ಒಪ್ಪಿಕೊಳ್ಳುತ್ತಾರೆ. ಖೋಮ್ಯುಕ್ ಎಂಬ ವಿಜ್ಞಾನಿ ನಿಜದಲ್ಲಿ ಇರಲಿಲ್ಲ. ದುರಂತದ ಕಾರಣ ಹುಡುಕಿದ ವಿಜ್ಞಾನಿ ಲೆಗಾಸೊವ್‌ಗೆ ನೆರವಾದ ಹಲವು ವಿಜ್ಞಾನಿಗಳನ್ನು ಸೇರಿಸಿ ಕಟ್ಟಿದ ಪಾತ್ರ ಅದು. ಕೊನೆಯ ಕಂತಿನ ಕೋರ್ಟ್ ದೃಶ್ಯದಲ್ಲಿ ಲೆಗಾಸೊವ್ ಎದ್ದು ನಿಂತು ಸತ್ಯ ಹೇಳುತ್ತಾರಲ್ಲ, ಸ್ಥಾವರದ ಅಧಿಕಾರಿಗಳ ಮೇಲೆ 1987ರಲ್ಲಿ ನಡೆದ ನಿಜವಾದ ವಿಚಾರಣೆಗೆ ಅವರು ಹೋಗಿರಲೇ ಇಲ್ಲ.

ಇದನ್ನು ಕೇಳಿದಾಗ ಮೊದಲು ಬೇಜಾರಾಯಿತು. ಆ ದೃಶ್ಯ ನೋಡುತ್ತಾ ನಾನು ಅತ್ತಿದ್ದೆ. ಆಮೇಲೆ ಯೋಚಿಸಿದೆ. ಈ ಪಾಡ್‌ಕಾಸ್ಟ್ ಇಲ್ಲದಿದ್ದರೆ ಜೀವನಪೂರ್ತಿ ಅದನ್ನೇ ಇತಿಹಾಸ ಅಂದುಕೊಂಡಿರುತ್ತಿದ್ದೆ. ಸುಳ್ಳಿನ ಬೆಲೆ ಎಷ್ಟು ಅಂತ ಕೇಳುವ ಸರಣಿ ಅದು. ಅಂಥ ಕಥೆ ಬರೆದವರು ತಮ್ಮ ಬದಲಾವಣೆಗಳ ಲೆಕ್ಕವನ್ನೂ ಮುಂದಿಟ್ಟಿದ್ದು ನನಗೆ ತುಂಬ ದೊಡ್ಡದಾಗಿ ಕಂಡಿತು.

ಹಾಗಂತ ಅಲ್ಲಿಗೇ ನಿಲ್ಲಬಾರದು. ಹೆಲಿಕಾಪ್ಟರ್ ಬೀಳುವ ದೃಶ್ಯ ಸರಣಿಯಲ್ಲಿ ಸ್ಫೋಟದ ಬೆನ್ನಿಗೇ ಬರುತ್ತದೆ. ಆ ಅಪಘಾತ ನಡೆದದ್ದು 1986ರ ಅಕ್ಟೋಬರ್‌ನಲ್ಲಿ. ಸ್ಫೋಟ ಆದದ್ದು ಏಪ್ರಿಲ್ 26ಕ್ಕೆ. ರೈಲ್ವೆ ಸೇತುವೆಯ ಮೇಲೆ ನಿಂತು ಬೆಂಕಿ ನೋಡಿದವರಲ್ಲಿ ಯಾರೂ ಉಳಿಯಲಿಲ್ಲವೆಂಬ ವರದಿ ಇದೆ ಎಂದು ಕೊನೆಯಲ್ಲಿ ಬರಹ ಬರುತ್ತದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಹಾಗಾಗಿ ಮೇಝಿನ್ ಮಾತಿನ ಜೊತೆಗೆ ಹೊರಗಿನವರು ಬರೆದದ್ದನ್ನೂ ಓದಿದೆ.

ಬ್ರಿಟನ್‌ನ ರಾಜಮನೆತನದ ಕಥೆಯಾದ 'ದಿ ಕ್ರೌನ್' ಸರಣಿಗೂ ಅಧಿಕೃತ ಪಾಡ್‌ಕಾಸ್ಟ್ ಇದೆ, ನಿರೂಪಣೆ ಎಡಿತ್ ಬೋಮನ್ ಅವರದು. ಸಂಶೋಧನಾ ತಂಡದ ಮುಖ್ಯಸ್ಥೆ ಆ್ಯನಿ ಸಲ್ಜ್‌ಬರ್ಗರ್ ಬಂದಾಗ ಮಾತು ಸೊಗಸಾಗಿರುತ್ತದೆ. ಉಳಿದಂತೆ ನನಗೆ ಅದು ಮೆತ್ತಗೆ ಅನಿಸಿತು. ಬಟ್ಟೆ, ಸೆಟ್ಟು, ನಟನೆಯ ಮಾತು ಜಾಸ್ತಿ. 2020ರಲ್ಲಿ ನಾಲ್ಕನೇ ಸೀಸನ್ ಬಂದಾಗ, ಇದು ಕಲ್ಪಿತ ಕಥೆ ಎಂಬ ಸೂಚನೆ ಹಾಕಿ ಅಂತ ಬ್ರಿಟನ್‌ನ ಸಂಸ್ಕೃತಿ ಸಚಿವರೇ ಕೇಳಿದ್ದರು, ನೆಟ್‌ಫ್ಲಿಕ್ಸ್ ಒಪ್ಪಲಿಲ್ಲ. ಅಷ್ಟು ದೊಡ್ಡ ಜಗಳ ಇರುವ ಕಡೆ ನನಗೆ ಇನ್ನೂ ಗಟ್ಟಿ ಪ್ರಶ್ನೆಗಳು ಬೇಕಿತ್ತು.

ಇನ್ನು ಸಾಕ್ಷ್ಯಚಿತ್ರದ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ನಾಟಕ ಬರೆದವರು 'ಇದನ್ನು ಬದಲಿಸಿದೆ' ಅಂತ ಹೇಳಿದರೆ ಅವರ ಗೌರವ ಕಡಿಮೆ ಆಗುವುದಿಲ್ಲ. ಸಾಕ್ಷ್ಯಚಿತ್ರ ಮಾಡಿದವರು ಅದೇ ಮಾತು ಹೇಳಿದರೆ ಇಡೀ ಕಟ್ಟಡವೇ ಅಲುಗಾಡುತ್ತದೆ. ಹಾಗಾಗಿ ಅಲ್ಲಿ ಹೊರಗಿನವರೇ ಬೇಕು.

'ದಿ ಜಿಂಕ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. ಕೊಲೆಗಳ ಶಂಕೆ ಹೊತ್ತಿದ್ದ ಅಮೆರಿಕದ ಶ್ರೀಮಂತ ರಾಬರ್ಟ್ ಡರ್ಸ್ಟ್ ಬಗೆಗಿನ ಆರು ಕಂತುಗಳು 2015ರಲ್ಲಿ ಬಂದವು. ಕೊನೆಯ ಕಂತಿಗೆ ಒಂದು ದಿನ ಮೊದಲು, ಮಾರ್ಚ್ 14ರಂದು, ಪೊಲೀಸರು ಅವನನ್ನು ಬಂಧಿಸಿದರು. ಆ ಕಂತಿನ ಕೊನೆಗೆ ಅವನು ಮೈಕ್ ಹಾಕಿಕೊಂಡೇ ಬಾತ್‌ರೂಮಿಗೆ ಹೋಗಿ ತನ್ನಷ್ಟಕ್ಕೆ ಗೊಣಗುತ್ತಾನೆ. ನಾನೇನು ಮಾಡಿಬಿಟ್ಟೆ, ಎಲ್ಲರನ್ನೂ ಕೊಂದೆ, ಅಷ್ಟೇ ಅಲ್ವಾ ಎನ್ನುವ ಅರ್ಥದ ಮಾತು. ಕೇಳಿ ಮೈ ಜುಮ್ಮೆಂದಿತ್ತು. 2019ರಲ್ಲಿ ಕೋರ್ಟಿನ ಕಾಗದಗಳಿಂದ ಬೇರೆ ವಿಷಯ ಹೊರಬಂತು. ಆ ಎರಡು ವಾಕ್ಯಗಳನ್ನು ಅವನು ಒಂದರ ಬೆನ್ನಿಗೆ ಒಂದು ಹೇಳಿರಲಿಲ್ಲ. ನಡುವೆ ಬೇರೆ ಮಾತುಗಳಿದ್ದವು, ಕ್ರಮವೂ ಬೇರೆ ಇತ್ತು. ಎಡಿಟಿಂಗ್‌ನಲ್ಲಿ ಜೋಡಿಸಿದ್ದರು. 2021ರಲ್ಲಿ ಅವನ ಮೇಲಿನ ಕೊಲೆ ಆರೋಪ ಸಾಬೀತಾಯಿತು, ಆ ಮಾತು ಬೇರೆ. ತಪ್ಪಿತಸ್ಥನೇ ಆಗಿದ್ದರೂ, ನಾನು ನೋಡಿದ 'ತಪ್ಪೊಪ್ಪಿಗೆ' ಹಾಗೆ ನಡೆದಿರಲಿಲ್ಲ ಅನ್ನುವುದು ಈಗಲೂ ನನ್ನನ್ನು ಕಾಡುತ್ತದೆ.

ಇಂಥ ಕಡೆ ವಕೀಲರು ಮಾತಾಡುವ ಪಾಡ್‌ಕಾಸ್ಟ್‌ಗಳು ಚೆನ್ನಾಗಿ ಕೆಲಸಕ್ಕೆ ಬಂದವು. 'ಮೇಕಿಂಗ್ ಎ ಮರ್ಡರರ್' 2015ರ ಡಿಸೆಂಬರ್‌ನಲ್ಲಿ ಬಂದಾಗ ನಾನು ಪೂರ್ತಿ ಸ್ಟೀವನ್ ಏವರಿ ಕಡೆಗೇ ವಾಲಿದ್ದೆ. ಮಾಡದ ತಪ್ಪಿಗೆ 18 ವರ್ಷ ಜೈಲಿನಲ್ಲಿದ್ದು, ಹೊರಬಂದ ಮೇಲೆ ಕೊಲೆ ಕೇಸಿನಲ್ಲಿ ಮತ್ತೆ ಸಿಕ್ಕಿಬಿದ್ದ ಮನುಷ್ಯ ಅಲ್ವಾ? ಅದರಲ್ಲಿ ತೋರಿಸದೆ ಬಿಟ್ಟ ಸಾಕ್ಷ್ಯಗಳೂ ಇದ್ದವು ಅಂತ ಗೊತ್ತಾದದ್ದು ಹೊರಗಿನ ಚರ್ಚೆಗಳಿಂದಲೇ. ಕೊಲೆಯಾದವಳ ಕಾರಿನ ಬಾನೆಟ್ ಲಾಚ್ ಮೇಲೆ ಸಿಕ್ಕ ಅವನ ಡಿಎನ್‌ಎ ಅದರಲ್ಲೊಂದು. ನನ್ನ ಅಭಿಪ್ರಾಯ ತಿರುಗಿ ಬೀಳಲಿಲ್ಲ, ಆದರೆ ಮೊದಲಿನಷ್ಟು ಖಾತ್ರಿ ಉಳಿಯಲಿಲ್ಲ. ಈ ಬಗೆಯ ತೊಂದರೆ ಏನೆಂದರೆ, ಕೆಲವರು ಸರಣಿಯನ್ನು ಬೀಳಿಸಲೇಬೇಕು ಅಂತ ಹಟ ಹಿಡಿದು ಕೂತಿರುತ್ತಾರೆ. ಒಂದು ಪಕ್ಷಪಾತದ ಜಾಗದಲ್ಲಿ ಇನ್ನೊಂದು ಬರುತ್ತದೆ. 'ಈ ಮಾತು ನಮ್ಮ ವಾದಕ್ಕೆ ಒಗ್ಗುವುದಿಲ್ಲ, ಆದರೂ ಹೇಳುತ್ತೇವೆ' ಅನ್ನುವ ಕ್ಷಣ ಎರಡು ಕಂತಿನೊಳಗೆ ಒಮ್ಮೆಯೂ ಬರದಿದ್ದರೆ ನಾನು ಅಲ್ಲಿಗೇ ಬಿಡುತ್ತೇನೆ.

ಪತ್ರಕರ್ತರ ಪಾಡ್‌ಕಾಸ್ಟ್‌ಗಳಲ್ಲಿ ನನಗೆ ತೀರಾ ಹಿಡಿಸಿದ್ದು ಬ್ರಿಟನ್‌ನ ಅಂಚೆ ಕಚೇರಿ ಹಗರಣದ ಬಗೆಗಿನದು. ಹೊರೈಜನ್ ಎಂಬ ಸಾಫ್ಟ್‌ವೇರ್ ಹಣ ಕಡಿಮೆ ಬಿದ್ದಿದೆ ಅಂತ ತಪ್ಪು ಲೆಕ್ಕ ತೋರಿಸಿತು. ಅದನ್ನು ನಂಬಿ 1999ರಿಂದ 2015ರವರೆಗೆ ಸ್ಥಳೀಯ ಅಂಚೆ ಕಚೇರಿ ನಡೆಸುವ 900ಕ್ಕೂ ಹೆಚ್ಚು ಜನ ಸಬ್ ಪೋಸ್ಟ್‌ಮಾಸ್ಟರ್‌ಗಳನ್ನು ಅಪರಾಧಿಗಳು ಅಂತ ಮಾಡಿದರು. ಇದರ ಮೇಲೆ ಐಟಿವಿಯಲ್ಲಿ 2024ರ ಜನವರಿಯಲ್ಲಿ ನಾಲ್ಕು ಕಂತಿನ ನಾಟಕ ಬಂತು, ಇಡೀ ದೇಶ ಎದ್ದು ಕೂತಿತು. ಅದೇ ವರ್ಷ ಮೇ ತಿಂಗಳಲ್ಲಿ ಆ ತೀರ್ಪುಗಳನ್ನು ರದ್ದು ಮಾಡುವ ಕಾನೂನೇ ಬಂತು. ಪತ್ರಕರ್ತ ನಿಕ್ ವಾಲಿಸ್ ಬಿಬಿಸಿ ರೇಡಿಯೊದಲ್ಲಿ ಇದೇ ಕಥೆಯನ್ನು 2020ರಲ್ಲೇ ಹೇಳಿದ್ದರು. ನಾನು ನಾಟಕ ನೋಡಿದ ಮೇಲೆ ಅದನ್ನು ಕೇಳಿದೆ. ನಟರ ಮುಖ ಮರೆತುಹೋಯಿತು. ನೊಂದವರ ಸ್ವಂತ ದನಿ, ಮಾತಿನ ನಡುವೆ ಅವರು ತಡೆದು ನಿಲ್ಲುವುದು, ಇದರ ಮುಂದೆ ಎಂಥ ನಟನೆಯೂ ಕಡಿಮೆಯೇ. ಇದನ್ನು ಕೇಳಲೇಬೇಕು, ದಯವಿಟ್ಟು ಕೇಳಿ.

ಗೆಳೆಯರಿಬ್ಬರ ಹರಟೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಇವುಗಳಲ್ಲಿ ಹೆಚ್ಚಿನವು ನನಗೆ ಆಗಲಿಲ್ಲ. ಅರ್ಧ ಗಂಟೆ ಸುಮ್ನೆ ಕಥೆ ಹೇಳುತ್ತಾರೆ. ನಾನು ಈಗ ತಾನೆ ನೋಡಿ ಬಂದಿದ್ದೇನೆ, ಅದನ್ನೇ ಮತ್ತೆ ಯಾಕೆ ಕೇಳಲಿ? ನಿಜವಾಗಿ ಜೀವ ಕಳೆದುಕೊಂಡವರ ಪ್ರಕರಣ ಇಟ್ಟುಕೊಂಡು ನಗುತ್ತಾ ಊಹೆ ಮಾಡುವುದಂತೂ ನನಗೆ ಸಹಿಸಲು ಆಗುವುದಿಲ್ಲ. ಪ್ರಾಣ ಹೋದ ವಿಷಯದ ಸಾಕ್ಷ್ಯಚಿತ್ರಗಳಿಗೆ ಈ ಬಗೆ ಬೇಡವೇ ಬೇಡ ಅಂತ ನಿರ್ಧರಿಸಿದ್ದೇನೆ.

ಕಲ್ಪಿತ ಕಥೆಗಾದರೆ ಅವರು ಕೊಡುವುದು ಬೇರೆ ಯಾರೂ ಕೊಡುವುದಿಲ್ಲ. 2025ರ 'ಅಡೋಲಸೆನ್ಸ್' ನೋಡಿ. ನಾಲ್ಕು ಕಂತು, ಒಂದೊಂದೂ ಒಂದೇ ಶಾಟ್‌ನಲ್ಲಿ ತೆಗೆದದ್ದು. ಅದು ಬಂದಾಗ ಎಲ್ಲರೂ ಕ್ಯಾಮೆರಾ ಬಗ್ಗೆಯೇ ಮಾತಾಡುತ್ತಿದ್ದರು. ನಾನು ಕೇಳಿದ ಪಾಡ್‌ಕಾಸ್ಟ್‌ನಲ್ಲಿ ಇಬ್ಬರು ಹೆಂಗಸರು, ಒಬ್ಬರು ಶಾಲೆಯಲ್ಲಿ ಪಾಠ ಮಾಡುವವರು. ಕ್ಯಾಮೆರಾ ವಿಷಯ ಎರಡು ನಿಮಿಷಕ್ಕೆ ಮುಗಿಸಿ, ಮೂರನೇ ಕಂತಿನ ಸ್ಯಾಂಡ್‌ವಿಚ್ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಮನಶ್ಶಾಸ್ತ್ರಜ್ಞೆ ತನ್ನ ಊಟದಲ್ಲಿ ಅರ್ಧವನ್ನು ಕೊಲೆ ಆರೋಪದ ಮೇಲೆ ಬಂಧನದಲ್ಲಿರುವ ಹುಡುಗನಿಗೆ ಕೊಡುತ್ತಾಳೆ. ಅವನನ್ನು ಕರೆದುಕೊಂಡು ಹೋದ ಮೇಲೆ ಅದನ್ನು ಎತ್ತಿಡಲು ಹೋಗುತ್ತಾಳೆ, ಮುಟ್ಟಲು ಆಗುವುದಿಲ್ಲ. ಪಾಠ ಮಾಡುವವರು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, ಮಕ್ಕಳಿಗೆ ಹೆದರಿದ್ದು ತನಗೂ ಒಮ್ಮೆ ಆಗಿದೆ, ಆ ದಿನ ಮನೆಗೆ ಬಂದು ಯಾರಿಗೂ ಹೇಳಲಿಲ್ಲ ಅಂದರು.

ನಾನು ಆ ದೃಶ್ಯವನ್ನು ಮೊದಲ ಸಲ ನೋಡುವಾಗ ಅವಳ ಮುಖವನ್ನೇ ನೋಡುತ್ತಿದ್ದೆ. ಆ ರಾತ್ರಿ ಮತ್ತೆ ಹಾಕಿದೆ, ಅವಳ ಕೈ ನೋಡಿದೆ.