ಮಗಳ ಜೊತೆ ಕಾಲೇಜು ನೋಡೋಕೆ ಹೋಗಿದ್ದು: ಒಂದಕ್ಕೆ ಎರಡು ಸ್ಟಾರ್, ಇನ್ನೊಂದಕ್ಕೆ ನಾಲ್ಕೂವರೆ

ನಾವು ಮಂಡ್ಯದವರು. ಮಗಳು ಈ ಸಲ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದಳು, ಎಂಜಿನಿಯರಿಂಗ್ ಸೀಟಿಗೆ ಬರೆಯೋ ಸಿಇಟಿನೂ ಬರೆದಿದ್ದಾಳೆ. ಆಪ್ಷನ್ ಎಂಟ್ರಿಗೆ, ಅಂದರೆ ಯಾವ ಕಾಲೇಜು ಬೇಕು ಅಂತ ಆನ್‌ಲೈನಲ್ಲಿ ಪಟ್ಟಿ ಕೊಡೋದಕ್ಕೆ ಮುಂಚೆ ಒಂದೆರಡು ಕಾಲೇಜು ಕಣ್ಣಾರೆ ನೋಡೋಣ ಅಂತ ಮೈಸೂರಿಗೆ ಎರಡು ಸಲ ಹೋಗಿ ಬಂದೆವು. "ನಮ್ಮೂರಲ್ಲೇ 1962ರಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ, ಅಷ್ಟು ದೂರ ಯಾಕೆ ಅಲೀತೀರ" ಅಂತ ನಮ್ಮ ಯಜಮಾನರು ಗೊಣಗಿದರು. ಅದೂ ಲಿಸ್ಟಲ್ಲಿದೆ ಮಾರಾಯ್ರೆ ಅಂದೆ.

ಮೊದಲನೇ ಸಲ ಹೋಗಿದ್ದು ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ. ಹೆಸರು ಬೇಡ. ಅವರೇ ಮೆಸೇಜ್ ಕಳಿಸಿದ್ದರು, ಭಾನುವಾರ ಕ್ಯಾಂಪಸ್ ಟೂರ್ ಇದೆ, ಮಕ್ಕಳ ಜೊತೆ ಬನ್ನಿ ಅಂತ. ಗೇಟಲ್ಲೇ ಗುಲಾಬಿ ಹೂವು, ಒಳಗೆ ಹೋದರೆ ಪ್ಯಾಕೆಟ್ ಜ್ಯೂಸ್, ಎಸಿ ಹಾಲಲ್ಲಿ ಕೂರಿಸಿ ಡ್ರೋನಲ್ಲಿ ತೆಗೆದ ವಿಡಿಯೋ. ವಿಡಿಯೋದಲ್ಲಿ ಹುಲ್ಲು ಎಷ್ಟು ಹಸಿರಾಗಿತ್ತು ಅಂದರೆ ನಮ್ಮ ನಾಲೆ ಬಯಲಿನ ಗದ್ದೆ ಕೂಡ ಅಷ್ಟು ಹಸಿರಾಗಿರಲ್ಲ. ಆಮೇಲೆ ಕೋಟು ಹಾಕಿಕೊಂಡಿದ್ದ ಒಬ್ಬ ಹುಡುಗ ನಮ್ಮನ್ನೆಲ್ಲ ಸುತ್ತಾಡಿಸಿದ. ಪ್ಲೇಸ್‌ಮೆಂಟ್ ಗೋಡೆ ಮುಂದೆ ಹತ್ತು ನಿಮಿಷ ನಿಲ್ಲಿಸಿದ, ಲೈಬ್ರರಿ ಮುಂದೆ ಒಂದು ನಿಮಿಷ.

ತಪ್ಪು ನನ್ನದೂ ಇದೆ. ಎಲ್ಲ ಪ್ರಶ್ನೆ ನಾನೇ ಕೇಳಿದೆ. ಫೀಸ್ ಎಷ್ಟು, ಬಸ್ ಇದೆಯಾ, ಮೊಬೈಲ್ ಬಿಡ್ತೀರಾ. ಮಗಳು ಹಿಂದೆ ಬ್ಯಾಗ್ ಹಿಡಿದುಕೊಂಡು ನಿಂತಿದ್ದಳು. ಓದೋಳು ಅವಳು, ಇಂಟರ್‌ವ್ಯೂ ಕೊಡ್ತಿದ್ದವಳು ನಾನು!

ಆದರೆ ಅವಳ ಕಣ್ಣು ಸುಮ್ನೆ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬಾಗಿಲ ಹತ್ತಿರ ಒಂದು ಉದ್ದನೆ ರಿಜಿಸ್ಟರ್ ಇತ್ತು, ಯಾವ ಬ್ಯಾಚು ಯಾವತ್ತು ಬಂತು ಅಂತ ಬರೆಯೋದು. ಕೋಟಿನ ಹುಡುಗ ಮಾತಾಡುತ್ತಿರುವಾಗ ಇವಳು ಮೆಲ್ಲಗೆ ಪುಟ ತಿರುವಿದಳು. ಕೊನೆ ಎಂಟ್ರಿ ಆರು ತಿಂಗಳ ಹಿಂದಿನದು. ಮೇಜಿನ ಮೇಲಿದ್ದ ಆಸಿಲೋಸ್ಕೋಪುಗಳ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ, ಬೆರಳಿಟ್ಟರೆ ಧೂಳಲ್ಲಿ ಗೆರೆ ಮೂಡುತ್ತಿತ್ತು. ಇದನ್ನು ಅವಳು ಅಲ್ಲಿ ಹೇಳಲೇ ಇಲ್ಲ, ಆಟೋ ಹತ್ತಿದ ಮೇಲೆ ಹೇಳಿದಳು. ನಾನು ಅದೇ ಲ್ಯಾಬಲ್ಲಿ ನೆಲದ ಟೈಲ್ಸ್ ಚೆನ್ನಾಗಿದೆ ಅಂತ ನೋಡುತ್ತಿದ್ದೆ.

ಹಾಸ್ಟೆಲ್ ತೋರಿಸಿ ಅಂದರೆ ಪೇಂಟಿಂಗ್ ನಡೀತಿದೆ ಅಂದರು. ಕೊನೆಗೆ ಒಂದು ರೂಮಲ್ಲಿ ಕೂರಿಸಿ, "ಮೇಡಂ, ಈ ಬ್ರಾಂಚಲ್ಲಿ ಎರಡೇ ಸೀಟು ಉಳಿದಿರೋದು, ಇವತ್ತೇ ಸ್ವಲ್ಪ ಅಮೌಂಟ್ ಕಟ್ಟಿ ಬ್ಲಾಕ್ ಮಾಡಿಬಿಡಿ" ಅಂದರು. ಗೊತ್ತಿಲ್ಲದವರು ಇಲ್ಲೇ ಬೀಳೋದು. ಸಿಇಟಿ ಸೀಟು ಹಂಚೋದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಫೀಸ್ ಕಟ್ಟೋದೂ ಅವರ ಮೂಲಕವೇ, ಅದಕ್ಕೆ ಕಾಲೇಜಿಗೆ ಮುಂಗಡ ಕೊಡೋ ಮಾತೇ ಇಲ್ಲ. ಇವರು ಹೇಳುತ್ತಿದ್ದದ್ದು ಕಾಲೇಜೇ ನೇರವಾಗಿ ಕೊಡೋ ಮ್ಯಾನೇಜ್‌ಮೆಂಟ್ ಸೀಟು, ಆ ಪದ ಮಾತ್ರ ಬಾಯಿಂದ ಬರಲಿಲ್ಲ. ಯೋಚನೆ ಮಾಡಿ ಹೇಳ್ತೀವಿ ಅಂತ ಎದ್ದು ಬಂದೆವು. ಎರಡು ಸ್ಟಾರು. ಜ್ಯೂಸಿಗೆ ಒಂದು, ವಾಪಸ್ ಬಸ್ ಸ್ಟ್ಯಾಂಡಿಗೆ ಆಟೋ ಕರೆಸಿಕೊಟ್ಟ ವಾಚ್‌ಮನ್‌ಗೆ ಒಂದು.

ಎರಡನೇ ಸಲ ಮಂಗಳವಾರ ಹೋದೆವು. ಟೂರೂ ಇಲ್ಲ, ಮೆಸೇಜೂ ಇಲ್ಲ. ಮಗಳದು ಒಂದೇ ಕಂಡೀಷನ್, "ನೀನು ಮಾತಾಡಬಾರದು ಕಣಮ್ಮ." ಆಯ್ತು ಅಂದೆ. ಬೇಕಂತಲೇ ಬೆಳಿಗ್ಗೆ ಓದೋ ಮಕ್ಕಳು ಹೋಗೋ ರೈಲು ಹತ್ತಿದೆವು. ಇದು ಅವಳದೇ ಐಡಿಯಾ. ಸೀಸನ್ ಪಾಸ್ ಇಟ್ಟುಕೊಂಡು ದಿನಾ ಓಡಾಡೋ ಹುಡುಗಿಯರ ಪಕ್ಕ ಹೋಗಿ ಕೂತಳು. ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಯಾವ ಕಾಲೇಜಲ್ಲಿ ಪ್ರಾಕ್ಟಿಕಲ್ ಎಷ್ಟು ಹೊತ್ತಿಗೆ ಮುಗಿಯುತ್ತೆ, ಸಂಜೆ ರೈಲು ತಪ್ಪಿದರೆ ಏನು ಮಾಡಬೇಕು, ಮಳೆಗಾಲದಲ್ಲಿ ಎಷ್ಟು ಕಷ್ಟ, ಎಲ್ಲ ತಿಳಿದುಕೊಂಡಿದ್ದಳು. ರೈಲು ತಪ್ಪಿದರೆ ಬಸ್ಸಂತೆ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಸೀಟೂ ಇಲ್ಲ ಅಂತ ನಕ್ಕರು. ದಿನಾ ಹೋಗಿ ಬರೋದು ಆಗುತ್ತಾ, ಹಾಸ್ಟೆಲ್ಲೇ ಬೇಕಾ ಅನ್ನೋ ನಮ್ಮ ಮನೆಯ ಎರಡು ತಿಂಗಳ ಜಗಳ ಅರ್ಧ ಅಲ್ಲೇ ತೀರಿತು.

ಹೋಗಿದ್ದು ಯುವರಾಜ ಕಾಲೇಜಿಗೆ. ಎಂಜಿನಿಯರಿಂಗ್ ಸಿಗದಿದ್ದರೆ ಬಿಎಸ್ಸಿ ಅಂತ ನಾನು ಅಂದುಕೊಂಡಿದ್ದೆ, ಅವಳ ಮನಸ್ಸಲ್ಲಿ ಅದು 'ಸಿಗದಿದ್ದರೆ' ಅಲ್ಲ ಅಂತ ಅವತ್ತೇ ಗೊತ್ತಾಗಿದ್ದು. 1928ರ ಕಾಲೇಜು, ಮೈಸೂರು ವಿಶ್ವವಿದ್ಯಾನಿಲಯದ್ದೇ. ಇಲ್ಲಿ ಯಾರೂ ಹೂವು ಕೊಡಲಿಲ್ಲ. ಆಫೀಸಲ್ಲಿ ಕೇಳಿಕೊಂಡು ಒಳಗೆ ಹೋದೆವು. ಇವಳು ಸೀದಾ ನೋಟಿಸ್ ಬೋರ್ಡ್ ಮುಂದೆ ನಿಂತಳು. ಟೈಮ್‌ಟೇಬಲ್ ಫೋಟೋ ತೆಗೆದುಕೊಂಡಳು, ವಾರಕ್ಕೆ ಎಷ್ಟು ಲ್ಯಾಬ್ ಅಂತ ಬೆರಳಲ್ಲಿ ಎಣಿಸಿದಳು. ಲ್ಯಾಬಿನಿಂದ ಬರುತ್ತಿದ್ದ ಒಬ್ಬ ಹುಡುಗಿಯ ಬಿಳಿ ಕೋಟಿನ ತೋಳಲ್ಲಿ ಹಳದಿ ಕಲೆ, ಕೈಯಲ್ಲಿ ರಟ್ಟು ಹರಿದ ರೆಕಾರ್ಡ್ ಬುಕ್ಕು. ಇವಳು ಅವಳನ್ನೇ ಹಿಡಿದುಕೊಂಡಳು. "ಅಕ್ಕ, ನೀವೇ ಪ್ರಯೋಗ ಮಾಡ್ತೀರಾ, ಇಲ್ಲ ಮೇಡಂ ಮಾಡಿ ತೋರಿಸ್ತಾರಾ?" ನನಗೆ ಹೊಳೆಯೋ ಪ್ರಶ್ನೆನಾ ಇದು? ಆ ಹುಡುಗಿ ಉತ್ತರ ಹೇಳಲಿಲ್ಲ, ತೋಳಿನ ಕಲೆ ತೋರಿಸಿ ನಕ್ಕಳು.

ಮಧ್ಯಾಹ್ನ ಅದೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಹೋದೆವು. ಅಲ್ಲಿರೋದು ಎಂಎಸ್ಸಿ, ಎಂಎ, ಪಿಎಚ್‌ಡಿ ಮಾಡೋರು, ಈಗಲೇ ಯಾಕೆ ಅಂತ ಕೇಳಬಹುದು. ಡಿಗ್ರಿ ಆದಮೇಲೆ ಎಲ್ಲಿಗೆ ಹೋಗಬಹುದು ಅಂತ ಒಂದು ಸಲ ನೋಡಿದರೆ ಒಳ್ಳೇದೇ ಅಲ್ವಾ. ಕುವೆಂಪು ಅವರು ಕುಲಪತಿ ಆಗಿದ್ದಾಗ ಹೆಸರಿಟ್ಟ ಜಾಗ. ಮರದ ನೆರಳಲ್ಲಿ ನಡೆದು ಕಾಲು ಸೋತು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಮನೆಯಿಂದ ತಂದಿದ್ದ ಚಿತ್ರಾನ್ನ ತಿಂದೆವು. ಅಲ್ಲಿ ಅವಳು ಮಾತಾಡಿದಳು, ನಾನು ಕೇಳಿಸಿಕೊಂಡೆ. ಅರ್ಧ ಸ್ಟಾರ್ ಯಾಕೆ ಕಮ್ಮಿ ಅಂದರೆ ಬಿಸಿಲು, ನನ್ನ ಮಂಡಿನೋವು, ಮತ್ತೆ ಛತ್ರಿ ಮರೆತು ಹೋಗಿದ್ದು.

ಹೋಗೋರಿಗೆ ಒಂದೆರಡು ಮಾತು. ರಜಾದಿನ ಹೋಗಲೇಬೇಡಿ, ಖಾಲಿ ಕಾಲೇಜು ಎಲ್ಲವೂ ಚೆನ್ನಾಗೇ ಕಾಣುತ್ತೆ. ಹೋಗೋ ಮುಂಚೆ ಕೆಇಎ ಸೈಟಲ್ಲಿ ಹೋದ ವರ್ಷದ ಕಟಾಫ್ ರ್‍ಯಾಂಕ್ ನೋಡಿಕೊಳ್ಳಿ, ಬ್ರಾಂಚ್‌ವಾರು, ಕೆಟಗರಿವಾರು ಇರುತ್ತೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದವರದ್ದು ಬೇರೆ ಕಾಲಮ್ಮು. ಸಿಗೋ ಸಾಧ್ಯತೆನೇ ಇಲ್ಲದ ಕಡೆ ಬಿಸಿಲಲ್ಲಿ ಅಲೆಯೋದು ಯಾಕೆ? ನ್ಯಾಕ್ ಗ್ರೇಡ್ ಬೋರ್ಡ್ ನೋಡಿ ಖುಷಿಪಡಬೇಡಿ, ಅದು ಇಡೀ ಕಾಲೇಜಿನ ಗುಣಮಟ್ಟ ನೋಡಿ ಕೊಡೋದು. ಎಂಜಿನಿಯರಿಂಗ್ ಆದರೆ ನಿಮ್ಮ ಮಗು ಸೇರೋ ಬ್ರಾಂಚಿಗೆ ಎನ್‌ಬಿಎ, ಅಂದರೆ ಆ ಕೋರ್ಸಿಗೇ ಕೊಡೋ ಮಾನ್ಯತೆ ಇದೆಯಾ, ಯಾವ ವರ್ಷದವರೆಗೆ ಇದೆ ಅಂತ ಕೇಳಿ. ಪ್ಲೇಸ್‌ಮೆಂಟ್ ಅಂದಾಗ ಅತಿ ದೊಡ್ಡ ಸಂಬಳ ಬಿಡಿ, ಆ ಬ್ರಾಂಚಲ್ಲಿ ಎಷ್ಟು ಮಕ್ಕಳಿದ್ದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ಕೇಳಿ. ಒಬ್ಬನಿಗೇ ಮೂರು ಆಫರ್ ಬಂದಿದ್ದನ್ನು ಮೂರು ಅಂತ ಎಣಿಸಿರುತ್ತಾರೆ. ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಹೋಗಿ ಬನ್ನಿ, ಚಿಲಕ ಇದೆಯಾ, ನೀರು ಬರುತ್ತಾ ನೋಡಿ. ಇದನ್ನು ಯಾವ ವಿಡಿಯೋನೂ ತೋರಿಸಲ್ಲ.

ವಾಪಸ್ ರೈಲಲ್ಲಿ ಮಗಳು ನೋಟ್‌ಬುಕ್ ತೆಗೆದು ಲಿಸ್ಟನ್ನು ಮೂರು ಸಲ ಹಿಂದೆ ಮುಂದೆ ಮಾಡಿದಳು. ನಾನು ಇಣುಕಲಿಲ್ಲ. ಸರಿ, ಒಂದು ಸಲ ಇಣುಕಿದೆ. ಪಿಇಎಸ್ ಮೇಲೆ ಬಂದಿತ್ತು, ಯುವರಾಜ ಅದಕ್ಕಿಂತಲೂ ಮೇಲಿತ್ತು. ಇನ್ನು ಅವರಪ್ಪನ ಹತ್ತಿರ ಮಾತಾಡೋದು ಅವಳ ಕೆಲಸ.

ಗುಲಾಬಿ ಹೂವಿನ ಕಾಲೇಜಿನಿಂದ ಈಗಲೂ ದಿನಕ್ಕೆ ಎರಡು ಫೋನ್ ಬರುತ್ತೆ. ಆ ಎರಡು ಸೀಟು ಇನ್ನೂ ಹಾಗೇ ಇದೆಯಂತೆ.