ಅಕ್ಕನ ಮಕ್ಕಳನ್ನ ಸಾಕ್ತಿರೋ ನಮ್ಗೆ ಮಿಷನ್ ವಾತ್ಸಲ್ಯ ಸ್ಪಾನ್ಸರ್‌ಶಿಪ್ ಎಷ್ಟು ಆಸರೆ ಆಯ್ತು

ಅಪ್ಪ ಅಮ್ಮ ಇಲ್ಲದ ಮಕ್ಕಳು ಅಜ್ಜಿ ಮನೇಲೋ ಚಿಕ್ಕಮ್ಮನ ಮನೇಲೋ ಬೆಳೀತಾ ಇದ್ರೆ, ಮಕ್ಕಳ ರಕ್ಷಣೆಗೆ ಅಂತ ಇರೋ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಸ್ಪಾನ್ಸರ್‌ಶಿಪ್‌ನಲ್ಲಿ ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತೆ ಅನ್ನೋದು ನಮ್ಮ ಹೊಸನಗರ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಗಂಡ ತೀರಿಕೊಂಡವರ ಮಕ್ಕಳಿಗೆ ಮಾತ್ರ ಅಂದ್ಕೊಂಡು ಸುಮ್ನಿರ್ತಾರೆ. ಮೊದಲು 2000 ಇತ್ತಂತೆ, ಮಿಷನ್ ವಾತ್ಸಲ್ಯ ಬಂದ್ಮೇಲೆ 4000 ಆಗಿದೆ.

ನಾನು ಅಕ್ಕನ ಇಬ್ಬರು ಮಕ್ಕಳನ್ನ ಸಾಕ್ತಾ ಇದೀನಿ, ಭಾವ ಮೊದಲೇ ಹೋಗಿದ್ರು, ಆಮೇಲೆ ಅಕ್ಕನೂ ಹೋದ್ಲು. ಈ ದುಡ್ಡು ಬರಕ್ಕೆ ಶುರುವಾದ ಮೇಲೆ ದೊಡ್ಡವಳ ಸ್ಕೂಲ್ ಆಟೋ, ಮಳೆಗಾಲದ ರೇನ್‌ಕೋಟು, ಜ್ವರ ಬಂದ್ರೆ ಔಷಧಿ, ಇದಕ್ಕೆಲ್ಲ ಯಾರ ಹತ್ರನೂ ಕೈ ಚಾಚೋದು ತಪ್ತು, ಅದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ.

ಅರ್ಜಿ ಹೋಗೋದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಡೆತ್ ಸರ್ಟಿಫಿಕೇಟು, ಆಧಾರ್, ಶಾಲೆಯ ಸ್ಟಡಿ ಸರ್ಟಿಫಿಕೇಟು, ನಾಡಕಚೇರಿಯ ಆದಾಯ ಪತ್ರ, ಮಗುವಿನ ಹೆಸರಲ್ಲಿ ಪಾಸ್‌ಬುಕ್ಕು ಎಲ್ಲ ರೆಡಿ ಇಟ್ಕೊಳ್ಳಿ. ಒಂದು ಆಫೀಸಲ್ಲಿ ಮಾತ್ರ 'ದತ್ತು ಪತ್ರ ಎಲ್ಲಿ' ಅಂತ ವಾಪಸ್ ಕಳಿಸಿದ್ರು, ಸಂಬಂಧಿಕರ ಮನೇಲಿರೋ ಅನಾಥ ಮಕ್ಕಳು ಅಂತ ಯೋಜನೆಯಲ್ಲೇ ಬರೆದಿದೆ, ಅದಕ್ಕೆ ದತ್ತು ಬೇಕಿಲ್ಲ, ಹಾಗಂದ್ರೆ ನೀವು ಬಿಡಬೇಡಿ ಮಾರಾಯ್ರೆ. ಅರ್ಜಿ ಕೊಟ್ಮೇಲೆ ಮನೆ ನೋಡಕ್ಕೆ ಬಂದ ಮೇಡಂ ಮಾತ್ರ ತುಂಬ ಒಳ್ಳೇವ್ರು. ಮಕ್ಕಳು ಮಲಗೋ ಜಾಗ ನೋಡಿದ್ರು, ದೊಡ್ಡವಳನ್ನ ಜಗಲಿಗೆ ಕರ್ಕೊಂಡು ಹೋಗಿ ಬೆಳಿಗ್ಗೆ ಏನು ತಿಂದೆ, ತಲೆ ಬಾಚೋದು ಯಾರು ಅಂತ ಒಬ್ಬಳನ್ನೇ ಕೂರಿಸ್ಕೊಂಡು ಕೇಳಿದ್ರು. ಹಾಗೇ ಕೇಳ್ಬೇಕು.

ನನ್ನ ದೊಡ್ಡ ತಕರಾರು ಆದಾಯ ಮಿತಿ. ಹಳ್ಳೀಲಿ ವರ್ಷಕ್ಕೆ 72,000, ಪೇಟೇಲಿ 96,000 ದಾಟಬಾರದು. 72,000 ಅಂದ್ರೆ ತಿಂಗಳಿಗೆ 6000, ಗಂಡ ಹೆಂಡತಿ ಇಬ್ರೂ ತೋಟದ ಕೆಲಸಕ್ಕೆ ಹೋಗೋ ಮನೇಲಿ ಅದು ದಾಟದೇ ಇರುತ್ತಾ? ತಮ್ಮ ಮಕ್ಕಳ ಜೊತೆ ಇನ್ನಿಬ್ಬರನ್ನ ತಂದು ಸಾಕೋರಿಗೆ ಸ್ವಂತ ಮಕ್ಕಳಿರೋ ಮನೆಯ ಲೆಕ್ಕಾನೇ ಹಾಕೋದು ನ್ಯಾಯ ಅಲ್ಲ.

ಇನ್ನೊಂದು, ನಾವು ಕೆಲಸಕ್ಕೆ ಹೋದಾಗ ಮಗು ನೋಡ್ಕೊಳ್ಳೋಕೆ ಅಂತ ಇದರಲ್ಲಿ ಬೇರೆ ದುಡ್ಡಿಲ್ಲ, ಅದೂ ಆ 4000ದಲ್ಲೇ ಆಗ್ಬೇಕು. ಚಿಕ್ಕವನಿಗೆ ಇನ್ನೂ ಮೂರು ತುಂಬಿಲ್ಲ, ಹಗಲು ಪಂಚಾಯ್ತಿಯ ಕೂಸಿನ ಮನೇಲಿ (ಕೆಲಸಕ್ಕೆ ಹೋಗೋರ ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಬಿಡ್ತೀನಿ, ಅದಕ್ಕೆ ನರೇಗಾ ಜಾಬ್ ಕಾರ್ಡ್ ಇದ್ದಿದ್ದು ಉಪಯೋಗಕ್ಕೆ ಬಂತು, ಅಲ್ಲಿ ಊಟನೂ ಕೊಡ್ತಾರೆ. ಆದ್ರೆ ಅಡಿಕೆ ಸುಲಿಗೆ ಸಂಜೆ ಮೇಲೂ ನಡೆಯುತ್ತೆ, ಚಪ್ಪರದಲ್ಲಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತ್ರೆ ಓಡಾಡೋ ಮಗುನ ಪಕ್ಕದಲ್ಲಿ ಇಟ್ಕೊಳ್ಳೋಕೆ ಆಗುತ್ತಾ, ಕೈ ಹಾಕ್ಬಿಟ್ರೆ? ಆ ಹೊತ್ತಿಗೆ ಪಕ್ಕದ ಮನೆ ಅಜ್ಜಿಗೆ ದುಡ್ಡು ಕೊಟ್ಟು ಬಿಡ್ತೀನಿ. ಸುಲಿಗೆ ಸೀಸನ್ನಲ್ಲಾದ್ರೂ ಕೂಸಿನ ಮನೆ ರಾತ್ರಿ ತನಕ ತೆಗೆದಿರಬೇಕು ಅಂತ ನಮ್ಮ ಗ್ರಾಮಸಭೇಲಿ ಕೇಳ್ತೀನಿ, ನೀವೂ ನಿಮ್ಮೂರಲ್ಲಿ ಕೇಳಿ.