ಗಾಲ್ಫ್ ಮೈದಾನದ ರಫ್‌ಗೆ 35 ಸಿಸಿ ಫೋರ್ ಸ್ಟ್ರೋಕ್ ಹುಲ್ಲು ಹೊಡೆಯುವ ಮೆಷಿನ್: ಹಲವು ಮಳೆಗಾಲ ಬಳಸಿದ ಮೇಲೆ

ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿ ತೋಟಕ್ಕೆಂದು ಕೊಳ್ಳುವ, ಬೆಲ್ಟಿನಲ್ಲಿ ಭುಜಕ್ಕೆ ತೂಗುಹಾಕುವ ಸೈಡ್‌ಪ್ಯಾಕ್ ಮೆಷಿನ್ನೇ ಇದು. ಇಳಿಜಾರು, ಚರಂಡಿ ಅಂಚು, ಮರದ ಬುಡ, ಟ್ರ್ಯಾಕ್ಟರ್ ಹೂತುಹೋಗುವ ಜೌಗು, ಇಷ್ಟಕ್ಕೆ ಐದಕ್ಕೆ ನಾಲ್ಕೂವರೆ ಅಂಕ. ಬಯಲು ರಫ್‌ಗೆ (ಆಡುವ ಪಟ್ಟಿಯ ಪಕ್ಕದಲ್ಲಿ ಹುಲ್ಲು ಎತ್ತರ ಬಿಡುವ ಜಾಗ) ಎರಡೇ. ಅಲ್ಲಿಗೆ ಚಕ್ರದ ಮೇಲೆ ಓಡುವ ರೋಟರಿ ಮೋವರ್ ಬೇಕು. ಇದರಲ್ಲೇ ಮುಗಿಸಲು ಹೋದರೆ ಆಳಿನ ಭುಜವೂ ಹಾಳು, ಹುಲ್ಲೂ ಹಾಳು.

ಕಾರಣ ಒಂದೇ: ಎತ್ತರ ಹಿಡಿದಿಡುವ ಚಕ್ರ ಇದಕ್ಕಿಲ್ಲ. ರಫ್ ಎರಡೂವರೆ ಇಂಚಿಗೆ ನಿಲ್ಲಬೇಕಾದರೆ ಹುಲ್ಲು ಮೂರೂಮುಕ್ಕಾಲು ಇಂಚಿಗೆ ಬಂದಾಗಲೇ ಹೊಡೆಯಬೇಕು, ಒಂದು ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಜುಲೈ ಮಳೆಯಲ್ಲಿ ಕೆಲಸ ನಿಂತು ಒಂದಡಿ ಬೆಳೆದಿದ್ದರೆ ಮೊದಲು ಎಂಟು ಇಂಚಿಗೆ, ನಾಲ್ಕೈದು ದಿನ ಬಿಟ್ಟು ಐದೂವರೆಗೆ, ಹೀಗೇ ಇಳಿಸುತ್ತ ಬನ್ನಿ. ಒಮ್ಮೆಗೇ ಬುಡಕ್ಕೆ ಹೊಡೆದರೆ ಎಲೆ ಹೋಗಿ ಹಳದಿ ಕಡ್ಡಿ ಉಳಿಯುತ್ತದೆ, ಗರಿಕೆ ಚೇತರಿಸಿಕೊಳ್ಳುವ ಮೊದಲೇ ಆ ಬೋಳು ಜಾಗಕ್ಕೆ ಕೊನ್ನಾರಿ, ಮುಟ್ಟಿದರೆ ಮುನಿ ನುಗ್ಗುತ್ತವೆ. 2019ರ ಗಾಲ್ಫ್ ನಿಯಮದಿಂದ ಚೆಂಡು ಹುಡುಕಲು ಸಿಗುವುದು 3 ನಿಮಿಷ ಮಾತ್ರ. ಆ ಮುಳ್ಳಿನ ಮೆಳೆಯಲ್ಲಿ ಅದು ಯಾವುದಕ್ಕೂ ಸಾಲದು.

ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲು ಬೆಲ್ಟಿನ ಕೊಕ್ಕೆ ಸರಿಸಿ, ಕೈ ಸಡಿಲ ಬಿಟ್ಟಾಗ ತುದಿಯ ಕತ್ತರಿಸುವ ಹೆಡ್ಡು ಬೇಕಾದ ಎತ್ತರದಲ್ಲೇ ತೂಗುವಂತೆ ಮಾಡಿ. ಗುರುತು ಹಾಕಿದ ಕಡ್ಡಿಯೊಂದು ಜೇಬಲ್ಲಿರಲಿ. ಬಲದಿಂದ ಎಡಕ್ಕೆ ಬೀಸುವಾಗ ಮಾತ್ರ ಕತ್ತರಿಸಿ, ಹುಲ್ಲು ಹೊಡೆದಾದ ಕಡೆಗೇ ಬೀಳುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ನಡೆಯಿರಿ, ಬೇರೆಯವರು 15 ಮೀಟರ್ ದೂರ ಇರಲಿ.

ಹೆಡ್ಡಿನಲ್ಲಿ ತಿರುಗಿ ಹುಲ್ಲು ಕತ್ತರಿಸುವ ನೈಲಾನ್ ದಾರ 3 ಮಿ.ಮೀ. ಹಾಕಿ, 2.4 ಮಳೆಗಾಲದ ದಪ್ಪ ಹುಲ್ಲಿಗೆ ತಡೆಯುವುದಿಲ್ಲ. ನೈಲಾನ್ ಒಣಗಿದರೆ ಪಟಪಟನೆ ತುಂಡಾಗುತ್ತದೆ, ರಾತ್ರಿ ನೀರಲ್ಲಿ ನೆನೆಹಾಕಿ ಸುತ್ತಿದರೆ ಬಾಳಿಕೆ ಚೆನ್ನ. ಒಂದರ ಮೇಲೊಂದು ಅಡ್ಡ ಬಿದ್ದಂತೆ ಸುತ್ತಿದರೆ ಬಿಸಿಗೆ ಒಳಗೇ ಅಂಟಿಕೊಳ್ಳುತ್ತದೆ, ಆಮೇಲೆ ಹೆಡ್ಡನ್ನು ನೆಲಕ್ಕೆ ಎಷ್ಟು ಕುಟ್ಟಿದರೂ ದಾರ ಹೊರಗೆ ಬರುವುದಿಲ್ಲ. ಲಂಟಾನಕ್ಕೆ ಹಲ್ಲಿನ ಬ್ಲೇಡೇ ಬೇಕು. ಅದರ ನಟ್ಟು ಎಡಮರೆಯದ್ದು (ಮರೆ ಅಂದರೆ ನಟ್ಟಿನೊಳಗಿನ ಸುರುಳಿ ಗೀರು), ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ತಿಳಿಯದೆ ಮರೆ ಕೆಡಿಸುವವರು ಬಹಳ. ಎಳೆಯ ಸಿಲ್ವರ್ ಓಕ್ ಹತ್ತಿರ ದಾರವೂ ಬೇಡ. ತೊಗಟೆ ಸುತ್ತಲೂ ಸುಲಿದರೆ ಗಿಡ ಸತ್ತಂತೆಯೇ, ಬುಡದಿಂದ ಒಂದೂವರೆ ಅಡಿ ಕತ್ತಿಯಲ್ಲೇ ಸವರಿಸಿ.

ಎಂಜಿನ್ ಗಟ್ಟಿ. ಆಯಿಲ್ ಸುಮಾರು 100 ಮಿ.ಲೀ. ಸಾಕು. ಹೊಸದರಲ್ಲಿ 10 ಗಂಟೆ ಓಡಿದ ಮೇಲೆ, ಆಮೇಲೆ ಓಡಿದ 50 ಗಂಟೆಗೊಮ್ಮೆ ಬದಲಿಸಿ. ಹೆಚ್ಚು ಹಾಕಿದರೆ ಹೊಗೆ, ಏರ್ ಫಿಲ್ಟರೂ ಎಣ್ಣೆ ಕುಡಿಯುತ್ತದೆ. ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸುವಂತಿಲ್ಲ. ತೋಟದಲ್ಲಿ ಟೂ ಸ್ಟ್ರೋಕ್ ಮೆಷಿನ್ನೂ ಇದ್ದರೆ ಕ್ಯಾನಿಗೆ ಬೇರೆ ಬಣ್ಣ ಬಳಿಯಿರಿ. ಅರ್ಧ ಆಕ್ಸಿಲರೇಟರಲ್ಲಿ ಒದ್ದೆ ಹುಲ್ಲು ಹೊಡೆದರೆ ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತದೆ. ಹಾಗಾದರೆ ಎಂಜಿನ್ ನಿಲ್ಲಿಸಿ, ಗಾರ್ಡಿನ ಅಡಿ ಸುತ್ತಿಕೊಂಡ ಹುಲ್ಲು ಕೀಳಿ.

ಅತಿ ಹೆಚ್ಚು ರಿಪೇರಿ ಬರುವುದು ಕಾರ್ಬುರೇಟರಿಗೆ. ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಮಳೆಗಾಲದ ತೇವ ಎಳೆದುಕೊಳ್ಳುತ್ತದೆ, ನಿಂತಲ್ಲೇ ನೀರು ಬೇರೆಯಾಗಿ ತಳ ಸೇರುತ್ತದೆ, ಕಾರ್ಬುರೇಟರಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಂ, ಬಿರುಸಾಗುತ್ತದೆ. ಹದಿನೈದು ದಿನ ಕೆಲಸವಿಲ್ಲವೆಂದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ ಇಡಿ. ಡಯಾಫ್ರಂ ಕಿಟ್ ಮತ್ತು ಪ್ಲಗ್ ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ತೋಟದವರೆಲ್ಲ ಒಟ್ಟಿಗೆ ಅಂಗಡಿಗೆ ಬರುತ್ತಾರೆ.